ಕರೆಗಂಟೆ ಆದರೆ ತಟ್ಟೆ ಎತ್ತುವವರು

ಅಭಾ ವಿಮಾನ ನಿಲ್ದಾಣ

ಸೌದಿಗೆ ಹೊರಟಿದ್ದೇನೆ ಎಂದು ಗೊತ್ತಾದದ್ದೇ ತಡ, ಶಿರ್ವದ ನಮ್ಮ ನೆರೆಹೊರೆಯವರೆಲ್ಲ ಸೇರಿ ನನ್ನನ್ನು ಊರಿನಲ್ಲೇ ಬಿಸಿ ಮರಳಿಗೆ ಹಾಕಿ ಹುರಿದುಬಿಟ್ಟಿದ್ದರು. ಒಬ್ಬರು ಬೆವರುಸಾಲೆಯ ಪೌಡರು ತಂದುಕೊಟ್ಟರು. ಇನ್ನೊಬ್ಬರು ಗ್ಲೂಕೋಸ್ ಡಬ್ಬಿ ತಂದರು. ಹಿಂದೊಮ್ಮೆ ದಮ್ಮಾಮಿನಲ್ಲಿ ಕೆಲಸ ಮಾಡಿ ಬಂದ ಮೂರನೆಯವರು, ಅಲ್ಲಿ ಹಗಲು ಹೊತ್ತು ಚಪ್ಪಲಿಯ ಅಡಿ ಕರಗಿ ರಸ್ತೆಗೆ ಅಂಟಿಕೊಳ್ಳುತ್ತದೆ ಎಂದು ಹೇಳಿ ಹೋದರು. ಮಗಳು ಶರ್ಲಿ ಮಾತ್ರ ಫೋನಿನಲ್ಲಿ, "ಸ್ವೆಟರ್ ತಾ ಮಮ್ಮಿ, ಇಲ್ಲಿ ಚಳಿ ಉಂಟು" ಎಂದಿದ್ದಳು. ಎ.ಸಿ.ಯ ಚಳಿ ಇರಬೇಕೆಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿವೃತ್ತಿಯಾಗುವವರೆಗೂ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು ನಾನು. ಸೌದಿ ಅರೇಬಿಯ ಎಂದರೆ ಮರುಭೂಮಿ, ಒಂಟೆ, ತೈಲ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳಿಗೆ ಮಗಳು ಭೂಗೋಳ ಹೇಳಿಕೊಡುವುದೆಂದರೇನು.

ಅಭಾದಲ್ಲಿ ವಿಮಾನದ ಮೆಟ್ಟಿಲು ಇಳಿಯುವಾಗ ಮಂಜು ಬಂದು ಮುಖಕ್ಕೆ ಬಡಿಯಿತು. ಅದೂ ಮೇ ತಿಂಗಳಲ್ಲಿ. ಮೈಮೇಲೆ ತೆಳ್ಳಗಿನ ವಾಯಿಲ್ ಸೀರೆ, ಅದರ ಮೇಲೆ ಅಲ್ಲಿ ಹೆಂಗಸರು ತೊಡಲೇಬೇಕಾದ ಕಪ್ಪು ನಿಲುವಂಗಿ ಅಬಾಯ. ಶರ್ಲಿ ಮೊದಲೇ ಕಳಿಸಿದ್ದ ಆ ಅಬಾಯ ಅವಳ ಅಳತೆಯದು, ನಾನು ಅವಳಿಗಿಂತ ಒಂದು ಗೇಣು ಕಡಿಮೆ. ಹಾಗಾಗಿ ಸೌದಿಯ ನೆಲದ ಮೇಲೆ ನಾನು ಮೊದಲು ಮಾಡಿದ ಕೆಲಸ ಅಬಾಯದ ಅಂಚು ತುಳಿದು ಮುಗ್ಗರಿಸಿದ್ದು. ಮುಂದಿದ್ದ ಹೆಂಗಸೊಬ್ಬಳು ತೋಳು ಹಿಡಿಯದಿದ್ದರೆ ನೆಲಕ್ಕೆ ಮುತ್ತಿಟ್ಟೇಬಿಡುತ್ತಿದ್ದೆ.

ಹೊರಗೆ ಶರ್ಲಿಯ ಜೊತೆ ಇಸ್ಮಾಯಿಲ್ ಕಾರು ತಂದು ನಿಂತಿದ್ದರು. ಬಂಟ್ವಾಳದ ಕಡೆಯ ಬ್ಯಾರಿ. ಆಗ ಅಲ್ಲಿ ಹೆಂಗಸರು ಕಾರು ಓಡಿಸುವ ಹಾಗಿರಲಿಲ್ಲ. ಶರ್ಲಿ ನರ್ಸಾಗಿರುವ ಆಸ್ಪತ್ರೆಯ ಅರ್ಧದಷ್ಟು ಹೆಂಗಸರ ಓಡಾಟ ಇಸ್ಮಾಯಿಲರ ಸ್ಟೇರಿಂಗಿನ ಮೇಲೆ ನಿಂತಿತ್ತು.

"ಎಂತ ಟೀಚರೇ, ನಡುಗುದು? ಹಿಂದಿನ ಸೀಟಲ್ಲಿ ಬೆಡ್‌ಶೀಟ್ ಉಂಟು, ಹೊದ್ದುಕೊಳ್ಳಿ" ಎಂದರು.

"ಸೌದಿಯಲ್ಲಿ ಬಿಸಿ ಅಂತ ಹೇಳಿದ್ದರಲ್ಲ" ಎಂದೆ.

"ಯಾರು ಹೇಳಿದ್ದು ಮಾರಾಯ್ರೆ? ಇದು ಘಟ್ಟ. ರಿಯಾದಿನ ದೊಡ್ಡ ಜನ ಎಲ್ಲ ತಂಪು ಮಾಡ್ಲಿಕ್ಕೆ ಇಲ್ಲಿಗೆ ಬರುದು. ಯಲ್ಲಾ, ಹೋಗುವ."

ಹಾಗೆ ಬೆಡ್‌ಶೀಟು ಹೊದ್ದು, ತೊಡೆಯ ಮೇಲೆ ಬೆವರುಸಾಲೆಯ ಪೌಡರಿನ ಚೀಲ ಇಟ್ಟುಕೊಂಡು ನಾನು ಮಗಳಿರುವ ಊರು ಖಮೀಸ್ ಮುಶೈತ್ ತಲುಪಿದೆ.

ಖಮೀಸ್, ಎರಡನೇ ಮಹಡಿ

ಶರ್ಲಿಯ ಮನೆ ಇದ್ದದ್ದು ಆಸ್ಪತ್ರೆಯವರು ತಮ್ಮ ಕೆಲಸದವರಿಗಾಗಿ ಬಾಡಿಗೆಗೆ ಹಿಡಿದಿದ್ದ ಒಂದು ಕಟ್ಟಡದಲ್ಲಿ. ಕೆಳಗಿನ ಮಹಡಿಯಲ್ಲಿ ಕಟ್ಟಡದ ಮಾಲೀಕರ ಸಂಸಾರ. ಮಾಲೀಕರ ಹೆಂಡತಿಯನ್ನು ಎಲ್ಲರೂ ಉಮ್ ಸಾಲಿಹ್ ಎನ್ನುತ್ತಿದ್ದರು. ಸಾಲಿಹನ ಅಮ್ಮ ಎಂದರ್ಥ. ಅಲ್ಲಿ ಹೆಂಗಸರನ್ನು ಹಿರಿಮಗನ ಹೆಸರಿನಿಂದ ಕರೆಯುವುದೇ ಗೌರವ. ಮಗ ಇಲ್ಲದ ನನ್ನನ್ನು ಆಕೆ ಮೊದಲ ದಿನವೇ ಉಮ್ ಶರ್ಲಿ ಎಂದು ಕರೆದು ಸಮಸ್ಯೆ ಮುಗಿಸಿಬಿಟ್ಟರು.

ಎರಡನೇ ಮಹಡಿಯಲ್ಲಿ ಶರ್ಲಿಯ ಬಾಗಿಲಿಗೆ ಎದುರು ಬಾಗಿಲು ಒಬ್ಬ ಡಚ್ ಡಾಕ್ಟರಮ್ಮನದು. ಮಾರಿಕೆ ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇರೆ. ಅವರ ಮಗಳು ನೋರಾಳಿಗೆ ಆರು ವರ್ಷ. ಗಂಡನೂ ಅದೇ ಆಸ್ಪತ್ರೆಯ ಡಾಕ್ಟರು. ನಾನಿದ್ದಷ್ಟು ದಿನ ಅವರನ್ನು ನೋಡಿದ್ದಕ್ಕಿಂತ ಬಾಗಿಲ ಹೊರಗಿನ ಅವರ ಚಪ್ಪಲಿ ನೋಡಿದ್ದೇ ಹೆಚ್ಚು. ಈಗ ಆ ಸಂಸಾರ ತನ್ನ ದೇಶಕ್ಕೆ ಮರಳಿದೆ. ಬರೆಯಿರಿ ಎಂದು ಮಾರಿಕೆಯೇ ಹೇಳಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ನಾನು ಬಂದ ಖುಷಿಗೆ ಶರ್ಲಿ ಆ ಅಮ್ಮ ಮಗಳಿಬ್ಬರನ್ನೂ ಊಟಕ್ಕೆ ಕರೆದಿದ್ದಳು. ನೀರುದೋಸೆ, ಕೋಳಿ ಸಾರು. ನೋರಾ ದೋಸೆಯನ್ನು ಕರವಸ್ತ್ರದಂತೆ ಬಿಡಿಸಿ ಬೆಳಕಿಗೆ ಹಿಡಿದು, "ಇದರಲ್ಲಿ ಕಿಟಕಿಗಳಿವೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಹುಡುಗಿ ಅಲ್ಲೇ ಇಷ್ಟವಾದಳು. ಊಟ ಅರ್ಧ ಆಗಿರಬೇಕು, ಆಗ ಕರೆಗಂಟೆ ಕೇಳಿಸಿತು.

ಮಾರಿಕೆ ಮಾತು ನಿಲ್ಲಿಸಿದರು. ತಟ್ಟೆ ಎತ್ತಿಕೊಂಡರು, ಚಮಚ, ಲೋಟ ಎತ್ತಿಕೊಂಡರು, ಕುರ್ಚಿಯನ್ನು ಸದ್ದಾಗದಂತೆ ಮೇಜಿನಡಿಗೆ ತಳ್ಳಿದರು. ಮಗಳೂ ಹಾಗೆಯೇ ಮಾಡಿದಳು. ಇಬ್ಬರೂ ಸಾರು ಚೆಲ್ಲದಂತೆ ಸರಸರ ಹೋಗಿ ಬಚ್ಚಲುಮನೆಯ ಬಾಗಿಲ ಹಿಂದೆ ಮಾಯವಾದರು. ನಾನು ದೋಸೆ ಬಾಯಿಗಿಡುವುದನ್ನೇ ಮರೆತು ನೋಡುತ್ತಾ ಕುಳಿತೆ. ಶರ್ಲಿ ಏನೂ ಆಗಿಲ್ಲವೆಂಬಂತೆ ಎದ್ದು ಬಾಗಿಲು ತೆರೆದಳು.

ಬಂದವರು ಉಮ್ ಸಾಲಿಹ್. ಕೈಯಲ್ಲಿ ಒಂದು ಅಗಲ ಬಟ್ಟಲು ಅರೀಕ. ಅದು ಆ ಘಟ್ಟದವರ ಹೆಮ್ಮೆಯ ತಿಂಡಿ: ಬೇಯಿಸಿದ ಗೋಧಿ ಹಿಟ್ಟನ್ನು ಮಿದ್ದು, ನಡುವೆ ಗುಂಡಿ ಮಾಡಿ ತುಪ್ಪ, ಜೇನು ಸುರಿದು, ಸುತ್ತ ಖರ್ಜೂರ ಇಟ್ಟಿರುತ್ತಾರೆ. ನಾನು ನಮ್ಮೂರ ಅಭ್ಯಾಸದಂತೆ, "ಬನ್ನಿ, ಊಟ ಮಾಡುವ" ಎಂದೆ. ಆಕೆಗೆ ಮಾತು ತಿಳಿಯದಿದ್ದರೂ ಕೈ ತಿಳಿಯಿತು. ಎದೆ ಮುಟ್ಟಿಕೊಂಡು ನಕ್ಕು, ಬಟ್ಟಲು ಕೊಟ್ಟು ಹೋದರು. ಬಾಗಿಲು ಮುಚ್ಚಿದ ಮೇಲೆ ಅಮ್ಮ ಮಗಳು ತಟ್ಟೆ ಸಮೇತ ಹಿಂದಿರುಗಿ, ಬಿಟ್ಟ ಜಾಗದಿಂದ ಊಟ ಮುಂದುವರಿಸಿದರು.

ಅವರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. "ಬಂದವರಿಗೆ ಒಂದು ದೋಸೆ ಕೊಡಬೇಕಾಗುತ್ತದೆ ಅಂತ ತಟ್ಟೆ ಹೊತ್ತುಕೊಂಡು ಬಚ್ಚಲಿಗೆ ಓಡುವುದೇ? ಅದೂ ಬೇರೆಯವರ ಮನೆಯ ದೋಸೆ. ಇಷ್ಟು ಜಿಪುಣತನ ನಾನು ಕಂಡಿಲ್ಲ" ಎಂದೆ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಓದುವವರಿಗಾಗಿ ಕನ್ನಡ ಮಾಡಿದ್ದೇನೆ, ಕೊಂಕಣಿಯಲ್ಲಿ ಇದು ಇನ್ನೂ ಖಾರವಾಗಿತ್ತು.

"ಅವರು ಹಾಗೆಯೇ ಮಮ್ಮಿ. ಯಾಕೆಂತ ನಾನು ಕೇಳಲಿಲ್ಲ. ಒಳ್ಳೆಯ ಡಾಕ್ಟರ್, ಒಳ್ಳೆಯ ಜನ" ಎಂದಳು ಶರ್ಲಿ.

ಕೇಳದೆ ಬಿಡುವುದು ಅವಳ ಗುಣ, ಪಾಠ ಮಾಡದೆ ಬಿಡಲಾಗದ್ದು ನನ್ನ ಗುಣ. ಮರುದಿನದಿಂದ ನೋರಾ ಶಾಲೆಯಿಂದ ಬಂದು ನಮ್ಮಲ್ಲಿ ಆಡುತ್ತಿದ್ದಳು. ಮಾರಿಕೆ ಆಸ್ಪತ್ರೆಯಿಂದ ಬರುವವರೆಗೆ ಅವಳು ನನ್ನ ಸುಪರ್ದಿಗೆ. ಊಟದ ಹೊತ್ತಿಗೆ ಮನೆಗೆ ಯಾರು ಬಂದರೂ "ಬನ್ನಿ, ಊಟ ಮಾಡುವ" ಎನ್ನಬೇಕು ಎಂದು ಕನ್ನಡದಲ್ಲೇ ಹೇಳಿಕೊಟ್ಟೆ. ಅವಳು ಅದನ್ನು ಹಾಡಿನ ಹಾಗೆ ಕಲಿತು ಗೊಂಬೆಗಳಿಗೆಲ್ಲ ಹೇಳುತ್ತಾ ಓಡಾಡಿದಳು. ಮಾಡಿನ ಮೇಲೆ ಕೂತ ಪಾರಿವಾಳಗಳಿಗೂ ಹೇಳಿದಳು. ಗಂಟೆ ಬಾರಿಸಿದರೆ ಮಾತ್ರ ತಟ್ಟೆ ಎತ್ತಿ ಬಚ್ಚಲಿಗೆ ಓಟ.

ಶಟರ್ ಎಳೆದ ಹೋಟೆಲು

ಒಂದು ಸಂಜೆ ಇಸ್ಮಾಯಿಲ್ ನಮ್ಮನ್ನೆಲ್ಲ ಪೇಟೆಗೆ ಕರೆದೊಯ್ದರು. ಶರ್ಲಿ, ನಾನು, ಮಾರಿಕೆ, ನೋರಾ. ಯೆಮನಿನವರ ಒಂದು ಹೋಟೆಲಿನೊಳಗೆ ಕೂರಿಸಿ, ಟೈರಿಗೆ ಗಾಳಿ ಹಾಕಿಸಿ ಬರುತ್ತೇನೆಂದು ಹೋದರು. ಅಲ್ಲಿನ ಹೋಟೆಲುಗಳಲ್ಲಿ ಸಂಸಾರಸ್ಥರಿಗೆ ಪರದೆ ಕಟ್ಟಿದ ಸಣ್ಣ ಸಣ್ಣ ಕೋಣೆಗಳು. ಕೂತರೆ ಪಕ್ಕದ ಕೋಣೆಯವರ ಮುಖ ಕಾಣುವುದಿಲ್ಲ, ಆದರೆ ಅವರ ಮನೆಯ ಜಗಳವೆಲ್ಲ ಕೇಳುತ್ತದೆ. ನನಗೆ ಭಾಷೆ ಬರುತ್ತಿರಲಿಲ್ಲ ಎಂಬುದೊಂದೇ ಬೇಸರ.

ದೊಡ್ಡ ಹರಿವಾಣದಲ್ಲಿ ಅನ್ನ, ಅದರ ಮೇಲೆ ಹಬೆಯಲ್ಲಿ ಬೆಂದ ಮಾಂಸ ಬಂತು. ತಟ್ಟೆಗೆ ಹಾಕಿಕೊಂಡು ಎರಡು ತುತ್ತು ತಿನ್ನುವಷ್ಟರಲ್ಲಿ ಬಾಂಗು ಕೇಳಿಸಿತು. ಆ ವರ್ಷಗಳಲ್ಲಿ ನಮಾಜಿನ ಹೊತ್ತಿಗೆ ಅಂಗಡಿ, ಹೋಟೆಲು ಎಲ್ಲ ಮುಚ್ಚಲೇಬೇಕು. ಒಳಗೆ ಇದ್ದವರು ಒಳಗೆ, ಹೊರಗೆ ಇದ್ದವರು ಹೊರಗೆ. ಶಟರು ದಡದಡ ಇಳಿಯಿತು, ದೀಪಗಳು ಆರಿದವು, ಮಾಣಿಗಳು ಹಿಂದಿನ ಬಾಗಿಲಿನಿಂದ ಹೋದರು. ನಮ್ಮಲ್ಲಿ ಕರೆಂಟು ಹೋದಾಗ ಊಟ ಮಾಡಿದ ಅಭ್ಯಾಸ ಇದ್ದದ್ದರಿಂದ ನನಗೆ ಕೈ ಬಾಯಿಯ ದಾರಿ ತಪ್ಪಲಿಲ್ಲ.

ಆಗ ಯಾರೋ ಹೊರಗಿನಿಂದ ಶಟರನ್ನು ಜೋರಾಗಿ ತಟ್ಟಿದರು.

ಕತ್ತಲಲ್ಲಿ ಮಾರಿಕೆಯ ಬಟ್ಟೆಯ ಸರಸರ ಕೇಳಿಸಿತು. ಶುರುವಾಯಿತಪ್ಪಾ ಇವರದು, ಇಲ್ಲಿ ಬಚ್ಚಲು ಎಲ್ಲಿ ಹುಡುಕುತ್ತಾರೋ ಎಂದುಕೊಂಡೆ. ಅಷ್ಟರಲ್ಲಿ ಒಂದು ಪುಟ್ಟ ಕೈ ನನ್ನ ಮೊಣಕೈ ಹಿಡಿದು ಕೆಳಗೆ ಸರಿದು, ನನ್ನ ಮುಂದಿನ ತಟ್ಟೆಯನ್ನು ಎತ್ತಿತು. "ಟೀಚರಜ್ಜಿ, ಬೇಗ ಬನ್ನಿ. ನಿಮ್ಮ ತಟ್ಟೆ ನಾನು ಎತ್ತಿಕೊಂಡಿದ್ದೇನೆ" ಎಂದು ನೋರಾ ಪಿಸುಗುಟ್ಟಿದಳು. ತನ್ನ ತಟ್ಟೆ ಒಂದು ಕೈಯಲ್ಲಿ, ನನ್ನದು ಇನ್ನೊಂದರಲ್ಲಿ.

ಜಿಪುಣರು ಬೇರೆಯವರ ತಟ್ಟೆ ಕಾಪಾಡುವುದಿಲ್ಲ. ನಾನು ಎದ್ದು, ನನ್ನ ತಟ್ಟೆ ತೆಗೆದುಕೊಂಡು, ಅವಳ ಕೈ ಹಿಡಿದು ಅವಳ ಹಿಂದೆ ಪರದೆಯ ಮೂಲೆಗೆ ಹೋಗಿ ನಿಂತೆ. ಮೂವರೂ ತಟ್ಟೆ ಹಿಡಿದುಕೊಂಡು ಕತ್ತಲಲ್ಲಿ ನಿಂತಿದ್ದೆವು. ಮಗು ಉಸಿರು ಬಿಗಿಹಿಡಿದಿತ್ತು.

ಶಟರು ತಟ್ಟಿದ್ದು ಇಸ್ಮಾಯಿಲ್. ಫೋನನ್ನು ನಮ್ಮ ಮೇಜಿನ ಮೇಲೆಯೇ ಮರೆತು ಹೋಗಿದ್ದರಂತೆ. ದೀಪ ಬಂದ ಮೇಲೆ ಒಳಗೆ ಬಂದವರು ಮೂಲೆಯಲ್ಲಿ ತಟ್ಟೆ ಹಿಡಿದು ನಿಂತ ನಮ್ಮನ್ನು ನೋಡಿ, "ಎಂತ ಟೀಚರೇ, ಕೂತುಕೊಳ್ಳಲಿಕ್ಕೆ ಜಾಗ ಕೊಡಲಿಲ್ಲವಾ?" ಎಂದರು. ಶರ್ಲಿ ನಕ್ಕಳು. ನಾನೂ ನಕ್ಕೆ, ಆದರೆ ನೋರಾಳ ಕೈ ಬಿಡಲಿಲ್ಲ. ಕಾರಿನಲ್ಲಿ ಬರುವಾಗ ಮಾರಿಕೆ ನನ್ನ ಕಡೆ ತಿರುಗಿ, "ನಿಮಗೆ ಹೇಳಬೇಕು. ನಾಳೆ ಬೆಟ್ಟಕ್ಕೆ ಹೋಗೋಣ" ಎಂದರು.

ಅಲ್ ಸೂದಾ ಬೆಟ್ಟ

ಅಲ್ ಸೂದಾ ಆ ಸೀಮೆಯ ಎತ್ತರದ ಬೆಟ್ಟ. ಮರಳಿನ ದೇಶದಲ್ಲಿ ಮಂಜು ಮೈಗೆ ತಾಗಿಸಿಕೊಂಡು ಕೂರುವ ಸುಖಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ರಸ್ತೆ ಬದಿಯಲ್ಲಿ ಜಮಖಾನ ಹಾಸಿ, ಚಹಾದ ಫ್ಲಾಸ್ಕು ನಡುವೆ ಇಟ್ಟು ಸಂಸಾರಗಳು ಕೂತಿರುತ್ತವೆ. ಅವರ ಸುತ್ತ ಕೇಸರವಿರುವ ದೊಡ್ಡ ಮಂಗಗಳು, ಕೆಂಪು ಕುಂಡೆ ತೋರಿಸಿಕೊಂಡು, ಕರೆದು ಕೂರಿಸಿದ ನೆಂಟರ ಠೀವಿಯಲ್ಲಿ ಓಡಾಡುತ್ತವೆ. ನಮ್ಮ ಘಾಟಿಯ ಮಂಗಗಳು ಇವುಗಳ ಮುಂದೆ ಬಹಳ ಸಂಭಾವಿತ.

ಶರ್ಲಿ ಮತ್ತು ಇಸ್ಮಾಯಿಲ್ ನೋರಾಳನ್ನು ಮಂಗ ತೋರಿಸಲು ಕರೆದೊಯ್ದರು. ಮಾರಿಕೆ ಚಪಾತಿಯ ಸುರುಳಿ ಕೈಯಲ್ಲಿ ಹಿಡಿದುಕೊಂಡೇ, ತಿನ್ನದೆ, ಹೇಳಿದರು.

ಅವರ ಮನೆತನ ಯಹೂದಿಗಳದು. "ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದರು. ಅವರ ಅಪ್ಪ ನೋರಾಳಷ್ಟೇ ಪುಟ್ಟ ಹುಡುಗನಾಗಿದ್ದಾಗ ಜರ್ಮನ್ ಸೈನ್ಯ ಅವರ ದೇಶ ಹಿಡಿದಿತ್ತು. ಯಹೂದಿಗಳನ್ನು ಮನೆಮನೆಯಿಂದ ಹೊರಗೆಳೆದು ರೈಲಿಗೆ ತುಂಬುತ್ತಿದ್ದರು. ಹುಡುಗನನ್ನೂ ಅವನ ತಾಯಿಯನ್ನೂ ಹಳ್ಳಿಯ ಒಬ್ಬ ರೈತ ತನ್ನ ಮನೆಯಲ್ಲಿ ಅಡಗಿಸಿಟ್ಟುಕೊಂಡ. ಹುಡುಗನ ತಂದೆ, ಅಜ್ಜಿ, ಇಬ್ಬರು ಚಿಕ್ಕಮ್ಮಂದಿರು ರೈಲಿನಲ್ಲಿ ಹೋದವರು ಮತ್ತೆ ಬರಲಿಲ್ಲ.

"ರೈತನ ಮನೆಯವರು ನಾಲ್ಕು ಜನ. ಬಾಗಿಲು ತಟ್ಟಿದರೆ ಮೇಜಿನ ಮೇಲೆ ನಾಲ್ಕೇ ತಟ್ಟೆ ಇರಬೇಕು. ಹುಡುಕಲು ಬರುವವರು ಮನುಷ್ಯರನ್ನು ಎಣಿಸುವ ಮೊದಲು ತಟ್ಟೆ ಎಣಿಸುತ್ತಿದ್ದರು. ಹಾಗಾಗಿ ನನ್ನ ಅಪ್ಪ ಮತ್ತು ಅವರ ಅಮ್ಮ ತಮ್ಮ ತಟ್ಟೆ, ಚಮಚ, ಲೋಟ ಎತ್ತಿಕೊಂಡು, ಕುರ್ಚಿ ಒಳಗೆ ತಳ್ಳಿ, ಕಪಾಟಿನ ಹಿಂದಿನ ಪೊಟರೆಗೆ ಹೋಗುತ್ತಿದ್ದರು. ಯುದ್ಧ ಮುಗಿಯುವವರೆಗೆ ಹಾಗೆ ಬದುಕಿದರು. ಮುಗಿದ ಮೇಲೂ ಆ ಅಭ್ಯಾಸ ಅಪ್ಪನ ಕೈ ಬಿಡಲಿಲ್ಲ. ಗಂಟೆ ಬಾರಿಸಿದರೆ ತಟ್ಟೆ ಎತ್ತುತ್ತಿದ್ದರು. ಅವರನ್ನು ನೋಡಿ ನಾನೂ ಎತ್ತಿದೆ. ಎಲ್ಲ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ."

ಎರಡನೇ ಮಹಾಯುದ್ಧ, ಕಾರಣಗಳು ಮತ್ತು ಪರಿಣಾಮಗಳು: ಈ ಪ್ರಶ್ನೆಯನ್ನು ನಾನು ಪ್ರತಿ ವರ್ಷ ಪರೀಕ್ಷೆಗೆ ಕೊಟ್ಟವಳು. ಪರಿಣಾಮಗಳನ್ನು ಅಂಶ ಅಂಶವಾಗಿ ಬರೆಸಿದ್ದೇನೆ. ತಟ್ಟೆ ಎತ್ತುವ ಅಂಶ ನನ್ನ ಪುಸ್ತಕದಲ್ಲಿರಲಿಲ್ಲ. ಜಿಪುಣತನ ಎಂದು ಆಡಿದ ಮಾತು ನೆನಪಾಗಿ ಮುಖವೆಲ್ಲ ಬಿಸಿಯಾಯಿತು. ಸೌದಿಯಲ್ಲಿ ನಾನು ಬೆವರಿದ್ದು ಅದೊಂದೇ ಸಲ.

"ನೋರಾಳಿಗೆ ನಾನು ಏನನ್ನೂ ಹೇಳಿಲ್ಲ. ಆದರೂ ಕಲಿತುಬಿಟ್ಟಳು" ಎಂದರು ಮಾರಿಕೆ. "ಶಾಲೆಯಲ್ಲಿ ಊಟದ ಹೊತ್ತಿಗೆ ಯಾರಾದರೂ ತರಗತಿಯ ಬಾಗಿಲು ತಟ್ಟಿದರೆ ಬುತ್ತಿ ಹಿಡಿದು ಬೆಂಚಿನ ಕೆಳಗೆ ಹೋಗುತ್ತಾಳಂತೆ. ಈಗ ಮಕ್ಕಳು ಬೇಕೆಂದೇ ತಟ್ಟುತ್ತಾರೆ. ಅಪ್ಪನಿಗೆ ಇದು ಜೀವ ಉಳಿಸಿತು. ನನಗೆ ಅಪ್ಪನಿಂದ ಬಂತು. ಇದು ನನ್ನಲ್ಲೇ ನಿಲ್ಲಬೇಕು, ಟೀಚರ್. ಆದರೆ ಗಂಟೆ ಬಾರಿಸಿದಾಗ ನನ್ನ ಕೈಯೇ ನನ್ನ ಮಾತು ಕೇಳುವುದಿಲ್ಲ. ಅವಳಿಗೆ ಏನೆಂದು ಹೇಳಲಿ?"

ನಾವು ಕ್ರೈಸ್ತರು, ಆ ಊರಿನಲ್ಲಿ ಇಗರ್ಜಿ ಇಲ್ಲ, ಬಹಿರಂಗವಾಗಿ ಪ್ರಾರ್ಥಿಸುವ ಹಾಗೂ ಇಲ್ಲ. ಸಂಜೆ ನಾವು ಮನೆಯೊಳಗೆ ಜಪಸರ ಹೇಳುವಾಗ ಶರ್ಲಿ ಕಿಟಕಿ ಮುಚ್ಚಿ, "ಮಮ್ಮಿ, ಸ್ವಲ್ಪ ಮೆಲ್ಲ" ಎನ್ನುತ್ತಿದ್ದಳು. ನನಗೆ ಅಂಜಿಕೆ ಎಂದರೆ ಗೊತ್ತು ಎಂದು ಹೇಳಲು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ನನ್ನದು ದನಿ ತಗ್ಗಿಸುವಷ್ಟರ ಅಂಜಿಕೆ. ಅವರದರ ಪಕ್ಕದಲ್ಲಿ ಅದನ್ನು ಇಡಬಾರದು.

ಅಷ್ಟರಲ್ಲಿ ನೋರಾಳ ಕೂಗು ಕೇಳಿಸಿತು. ಜಮಖಾನಕ್ಕೆ ಮರಳಿ ತನ್ನ ತಟ್ಟೆ ಎತ್ತಿಕೊಂಡಿದ್ದಳು ಅಷ್ಟೆ, ಒಂದು ದಡಿಯ ಮಂಗ ಹಿಂದಿನಿಂದ ಬಂದು ಚಪಾತಿಯನ್ನು ತಟ್ಟೆಯ ಸಮೇತ ಕಿತ್ತುಕೊಂಡು ಮರ ಹತ್ತಿತು. ಹುಡುಗಿ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿ, ಬಹಳ ಅನ್ಯಾಯವಾದವಳ ದನಿಯಲ್ಲಿ, "ಅದು ಗಂಟೆಯೇ ಬಾರಿಸಲಿಲ್ಲ" ಎಂದಳು.

ಮಾರಿಕೆ ಮೊದಲು ಮಗಳನ್ನು ನೋಡಿದರು, ಆಮೇಲೆ ನನ್ನನ್ನು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ನೀರೆಲ್ಲ ನಗುವಿನದೇ ಎಂದು ಹೇಳಲಾರೆ.

ಆಹಾರ ಮಂತ್ರಿ

ಮಕ್ಕಳ ಕೈಯಲ್ಲಿರುವುದನ್ನು ಎಳೆದರೆ ಅವರು ಗಟ್ಟಿಯಾಗಿ ಹಿಡಿಯುತ್ತಾರೆ. ಬಿಡಿಸಬೇಕಾದರೆ ಆ ಕೈಗೆ ಬೇರೆ ಕೆಲಸ ಕೊಡಬೇಕು. ನಮ್ಮ ಶಾಲೆಗಳಲ್ಲಿ ಮಕ್ಕಳದೇ ಮಂತ್ರಿಮಂಡಲ ಇರುತ್ತದೆ. ತರಗತಿಯ ಅತಿ ತುಂಟನನ್ನು ನಾನು ಯಾವಾಗಲೂ ಶಿಸ್ತು ಮಂತ್ರಿ ಮಾಡುತ್ತಿದ್ದೆ. ನೋರಾಳನ್ನು ಮೂರು ಮನೆಗಳ ಆಹಾರ ಮಂತ್ರಿಯೆಂದು ಘೋಷಿಸಿದೆ. ಪ್ರಮಾಣವಚನ ಕನ್ನಡದಲ್ಲೇ ಆಯಿತು.

ಕೆಲಸಕ್ಕೆ ಬರವಿರಲಿಲ್ಲ. ಉಮ್ ಸಾಲಿಹರ ಅರೀಕದ ಬಟ್ಟಲನ್ನು ಹಿಂದೆ ಕೊಡಬೇಕಿತ್ತು. ಬಂದ ಪಾತ್ರೆಯನ್ನು ಖಾಲಿ ಕಳಿಸುವುದು ನಮ್ಮಲ್ಲಿ ಇಲ್ಲ, ಶರ್ಲಿ ಅದರಲ್ಲಿ ನೀರುದೋಸೆ ಹಾಕಿದಳು. ಖಾಲಿ ಕಳಿಸುವುದು ಉಮ್ ಸಾಲಿಹರಲ್ಲೂ ಇಲ್ಲವೆಂದು ಸಂಜೆ ಅದೇ ಬಟ್ಟಲಿನಲ್ಲಿ ಅಂಜೂರ ಬಂದಾಗ ಗೊತ್ತಾಯಿತು. ನಾವು ಪತ್ರೊಡೆ ಕಳಿಸಿದೆವು, ಕೆಸುವಿನ ಎಲೆ ಸಿಗದೆ ಪಾಲಕ್ ಸೊಪ್ಪಿನದು. ಅಲ್ಲಿಂದ ಕುರಿಮಾಂಸ ಬಂತು. ಮಾರಿಕೆ ಒಂದು ಸೇಬಿನ ಕೇಕು ಮಾಡಿ ಕಣಕ್ಕಿಳಿದರು. ಎರಡೂ ಕಡೆ ಸೋಲೊಪ್ಪುವವರಿರಲಿಲ್ಲ. ಅಳಿಯ ರೋಶನ್, "ಅಮ್ಮ, ಈ ಯುದ್ಧ ನಿಲ್ಲಿಸುವುದು ಯಾರು?" ಎಂದು ಕೇಳಿ, ನಿಲ್ಲದಿರಲಿ ಎಂದು ತಾನೇ ಹಾರೈಸಿ, ಬಂದದ್ದನ್ನೆಲ್ಲ ತಿನ್ನುತ್ತಿದ್ದ.

ಹೊತ್ತೊಯ್ಯುವವಳು ಆಹಾರ ಮಂತ್ರಿ. ತಟ್ಟೆ ಎತ್ತಿದರೆ ಬಾಗಿಲ ಕಡೆಗೆ, ಅದು ಮಂತ್ರಿಯ ನಿಯಮ. ಮೆಟ್ಟಿಲ ಮೇಲೆ ಅವಳು ತಟ್ಟೆ ಹಿಡಿದು ನಡೆಯುವ ಗತ್ತು ನೋಡಬೇಕಿತ್ತು. ಆದರೆ ಗಂಟೆ ಬಾರಿಸಿದಾಗ ಏನು ಮಾಡುತ್ತಾಳೆಂದು ಪರೀಕ್ಷಿಸಲು ಶರ್ಲಿ ಒಮ್ಮೆ ಹೊರಗೆ ಹೋಗಿ ಗುಂಡಿ ಒತ್ತಿದಳು. ಮಂತ್ರಿಗಿರಿ ಮರೆತು ಹುಡುಗಿ ಬಚ್ಚಲಿಗೆ ಓಡಿದಳು. ಇನ್ನೊಮ್ಮೆ ಒತ್ತಿದಾಗಲೂ ಹಾಗೆಯೇ. ಮಾರಿಕೆ ಮಗಳ ಖಾಲಿ ಕುರ್ಚಿಯನ್ನೇ ನೋಡುತ್ತಾ ಕುಳಿತರು. ಹೊರಡುವ ದಿನ ಹತ್ತಿರವಾಗುತ್ತಿತ್ತು. ಮೂಗು ತೂರಿಸಿ ಕೆಡಿಸಿದೆನೋ ಎಂಬ ಅಳುಕು ನನಗೆ ಶುರುವಾಯಿತು.

ಕೊನೆಯ ಶುಕ್ರವಾರ

ನಾನು ಹೊರಡುವ ಮುನ್ನಿನ ಶುಕ್ರವಾರ ಮಾರಿಕೆಯ ಮನೆಯಲ್ಲಿ ಊಟ, ನೀರುದೋಸೆ, ಸಾರು ಮಾಡಿ ಒಯ್ದದ್ದು ನಾನು. ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪು, ಅದರೊಳಗೆ ಮಾರಿಕೆಯ ಅಪ್ಪ. ನೋರಾ ಅವರನ್ನು ಓಪಾ ಎನ್ನುತ್ತಿದ್ದಳು, ಅವರ ಭಾಷೆಯಲ್ಲಿ ಅಜ್ಜ. ತಮ್ಮ ಊರಿನಲ್ಲಿ ಅವರೂ ಊಟಕ್ಕೆ ಕೂತಿದ್ದರು. ಬಿಳಿ ಹುಬ್ಬು, ನಗುವ ಕಣ್ಣು, ಮುಂದೆ ಆಲೂಗಡ್ಡೆಯ ತಟ್ಟೆ. ಮಗಳು ಎಲ್ಲ ಹೇಳಿದ್ದಾಳೆಂದು ನನಗೆ ಗೊತ್ತಿತ್ತು. ಅವರೇ ಮಾತು ತೆಗೆದರು, ಇಂಗ್ಲಿಷಿನಲ್ಲಿ.

"ಟೀಚರ್, ಒಂದು ಸಲ ನಾನು ತಟ್ಟೆ ಮರೆತಿದ್ದೆ. ಬಾಗಿಲು ತಟ್ಟಿದರು, ಅಮ್ಮ ನನ್ನನ್ನು ಎಳೆದುಕೊಂಡು ಓಡಿದಳು, ತಟ್ಟೆ ಮೇಜಿನ ಮೇಲೆಯೇ ಉಳಿಯಿತು. ಸೈನಿಕ ಒಳಗೆ ಬಂದ. ರೈತನ ಹೆಂಡತಿ ಏನು ಮಾಡಿದಳು ಗೊತ್ತೇ? ನನ್ನ ತಟ್ಟೆ ತೆಗೆದು ನೆಲದ ಮೇಲಿಟ್ಟು ನಾಯಿಯನ್ನು ಕರೆದಳು. ಅದು ನೆಕ್ಕಿ ನೆಕ್ಕಿ ತಿಂದಿತು. ಸೈನಿಕ ನಕ್ಕು ಹೋದ. ನಾನು ಕಪಾಟಿನ ಸಂದಿನಿಂದ ನೋಡುತ್ತಿದ್ದೆ. ಆ ಹೆಂಗಸು ನನ್ನ ಜೀವ ಉಳಿಸಿದಳು. ಅವಳ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿದ್ದೇವೆ." ಅಜ್ಜ ಫೋರ್ಕನ್ನು ಆಡಿಸಿದರು. "ಆದರೆ ಆ ನಾಯಿಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಅವತ್ತು ಬೆಣ್ಣೆ ಹಾಕಿದ ಆಲೂಗಡ್ಡೆ."

ಎಲ್ಲರೂ ನಗುತ್ತಿದ್ದೆವು. ಆಗ ಕರೆಗಂಟೆ ಕೇಳಿಸಿತು. ಯಾರೂ ಪರೀಕ್ಷೆಗೆ ಒತ್ತಿದ್ದಲ್ಲ. ಶರ್ಲಿ, ರೋಶನ್, ಮಾರಿಕೆಯ ಗಂಡ ಮೂವರೂ ಡ್ಯೂಟಿಯಲ್ಲಿದ್ದರು.

ಮಾರಿಕೆಯ ಕೈ ತಟ್ಟೆಯ ಅಂಚಿಗೆ ಹೋಯಿತು. ಅವರು ಇನ್ನೊಂದು ಕೈಯಿಂದ ಆ ಕೈಯನ್ನು ಅದುಮಿ ಹಿಡಿದರು. ನನ್ನ ಕಣ್ಣು ಲ್ಯಾಪ್‌ಟಾಪಿನ ಮೇಲೆ ಬಿತ್ತು. ಗಂಟೆ ಬಾರಿಸಿದ್ದು ಖಮೀಸಿನಲ್ಲಿ. ಸಮುದ್ರಗಳಾಚೆ ತಮ್ಮ ಮನೆಯಲ್ಲಿ ಕೂತ ಆ ಮುದುಕರು ಆಗಲೇ ತಮ್ಮ ತಟ್ಟೆಯನ್ನು ಎತ್ತಿ ಎದೆಗೆ ಹಿಡಿದಿದ್ದರು. ಕಣ್ಣಿನಲ್ಲಿದ್ದ ನಗು ಹೋಗಿತ್ತು.

ನೋರಾಳೂ ತಟ್ಟೆ ಎತ್ತಿಕೊಂಡು ಕುರ್ಚಿಯಿಂದ ಇಳಿದಿದ್ದಳು. ಬಚ್ಚಲಿನ ಕಡೆ ಒಂದು ಹೆಜ್ಜೆ ಇಟ್ಟಳು. ನಿಂತಳು. ಕೈಯಲ್ಲಿದ್ದ ತಟ್ಟೆ ನೋಡಿದಳು, ಅರ್ಧ ತಿಂದ ನೀರುದೋಸೆ ಇತ್ತು. ಆಮೇಲೆ ತಿರುಗಿ, ಮೆಟ್ಟಿಲ ಮೇಲೆ ನಡೆಯುವ ಅದೇ ಗತ್ತಿನಲ್ಲಿ, ಬಾಗಿಲ ಕಡೆಗೆ ಹೋದಳು.

ಬಾಗಿಲು ತೆರೆಯಿತು. ಉಮ್ ಸಾಲಿಹ್ ಬಟ್ಟಲು ಹಿಡಿದು ನಿಂತಿದ್ದರು.

"ಬನ್ನಿ, ಊಟ ಮಾಡುವ" ಎಂದಳು ನೋರಾ, ತನ್ನ ತಟ್ಟೆಯನ್ನು ಎರಡೂ ಕೈಗಳಿಂದ ಮೇಲೆತ್ತಿ ಅವರ ಮುಂದೆ ಹಿಡಿದು.

ಉಮ್ ಸಾಲಿಹ್ ಆ ಎಂಜಲು ದೋಸೆಯ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡರು. ಅರಬಿಯಲ್ಲಿ ಏನೋ ಹೊಗಳಿದರು. ಚಪ್ಪಲಿ ಬಿಟ್ಟು ಒಳಗೆ ಬಂದು ಮುಖದ ಬಟ್ಟೆ ಸರಿಸುವಷ್ಟರಲ್ಲಿ ಮೇಜಿನ ಮೇಲೆ ಒಬ್ಬ ಗಂಡಸಿನ ಮುಖ ಕಂಡು ಥಟ್ಟನೆ ಮತ್ತೆ ಎಳೆದುಕೊಂಡರು. ನಾನು ಓಡಿಹೋಗಿ ಲ್ಯಾಪ್‌ಟಾಪನ್ನು ಗೋಡೆಯ ಕಡೆ ತಿರುಗಿಸಿದೆ. ಪಾಪ, ಅಜ್ಜನಿಗೆ ಈಗ ಗೋಡೆಯ ಸುಣ್ಣ ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ.

"ಯಾರು ಬಂದದ್ದು?" ಎಂದು ಗೋಡೆಯ ಕಡೆಯಿಂದ ದನಿ ಬಂತು. ತಗ್ಗಿದ ದನಿ. ಅವರು ಕೇಳಿದ್ದು ಅವರ ಭಾಷೆಯಲ್ಲಿ, ಮಾರಿಕೆ ಆಮೇಲೆ ನನಗೆ ಹೇಳಿದರು.

"ಊಟಕ್ಕೆ ಬಂದವರು, ಓಪಾ" ಎಂದಳು ನೋರಾ. ಮೇಜಿನ ಸುತ್ತ ಒಂದು ಸಲ ನೋಡಿದಳು. "ಅಮ್ಮಾ, ಒಂದು ತಟ್ಟೆ ಕಡಿಮೆ ಇದೆ."

ಮಾರಿಕೆ ತಮ್ಮ ಕೈಯನ್ನು ಬಿಟ್ಟು ಎದ್ದರು. ಕಪಾಟಿನಿಂದ ಇನ್ನೊಂದು ತಟ್ಟೆ ತಂದು, ಉಮ್ ಸಾಲಿಹರ ಮುಂದೆ, ಎಲ್ಲರಿಗೂ ಕಾಣುವಂತೆ ಇಟ್ಟರು. ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು. ಉಮ್ ಸಾಲಿಹ್ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಸಾರಿನ ಪಾತ್ರೆ ತೋರಿಸಿ, ಖಾರ ಹೆಚ್ಚಾಗಿದೆ ಎಂದು ಕೈಸನ್ನೆ ಮಾಡಿದೆ.

ಆಮೇಲೆ ಗೋಡೆಯ ಕಡೆಯಿಂದ, ಅಜ್ಜ ಮೇಜಿನ ಮೇಲೆ ತಟ್ಟೆ ಇಟ್ಟ ಸದ್ದು ಬಂತು. ಅದರ ಹಿಂದೆಯೇ ಫೋರ್ಕಿನ ಸದ್ದು.